ಕೊನೇ ಪಂಕ್ತಿಯ ಷೇರುದಾರ

ಕುರಿಗೂ ಕಂಪನಿ ಮಾಡಬಹುದೆಂದು ಶಿಕಾರಿಪುರದ ಆಡಿಟರ್ ಹೇಳಿದಾಗ ನಾನು ನಕ್ಕಿದ್ದೆ. ಆಮೇಲೆ ನಾನೂ ಗುಡವಿ ಕಡೆಯ ಭಾವನೂ, ಅಂದರೆ ನನ್ನ ಹೆಂಡತಿಯ ಅಣ್ಣ, ಸೇರಿ ಮಾಡಿಯೇಬಿಟ್ಟೆವು. ಹತ್ತು ಷೇರು, ಆರು ನನ್ನವು, ನಾಲ್ಕು ಅವನವು. ಕಂಪನಿಯ ದೊಡ್ಡ ಆಸ್ತಿ ತಳಿಗೆಂದು ಇಟ್ಟ ಒಂದು ಟಗರು. ತಾಯಿ ಸತ್ತ ಆ ಮರಿಗೆ ಬಾಟಲಿ ಹಾಲು ಕುಡಿಸಿ ಬೆಳೆಸಿದವನು ನಾನು. ಹೆಚ್ಚು ಷೇರು ನನ್ನವಾದ್ದರಿಂದ ಅದನ್ನು ಕಟ್ಟಿದ್ದೂ ತಾಳಗುಂದದ ನಮ್ಮ ಅಂಗಳದಲ್ಲೇ.

ದೊಡ್ಡ ಕೊಟ್ಟಿಗೆ ಕಟ್ಟಲು ಇನ್ನೂ ಹತ್ತು ಷೇರು ಹೊರಡಿಸಬೇಕಾಯಿತು. "ಹೊಸ ಷೇರು ಮೊದ್ಲು ಹಳಬರಿಗೇ ರೀ. ನಿಮ್ಮ ಪಾಲಿಂದು ತಗೊಂಬಿಡ್ರಿ," ಎಂದರು ಆಡಿಟರ್. ನನಗೆ ಸಿಟ್ಟೇ ಬಂತು. ಮನೆಯವನು ಮೊದಲನೇ ಪಂಕ್ತಿಯಲ್ಲಿ ಕೂರುವುದುಂಟೇ? ನೆಂಟರಿಗೆ ಬಡಿಸಿ, ಸಾಕು ಸಾಕು ಅನ್ನಿಸಿ, ಕೊನೇ ಪಂಕ್ತಿಗೆ ನಾವು. "ಬಂದೋರಿಗೆ ಆಗ್ಲಿ, ಮಿಕ್ಕಿದ್ರೆ ನಂಗೆ," ಎಂದೆ. ಭಾವನೂ ಮರ್ಯಾದೆಗೆ ಬಿದ್ದು ಹಾಗೇ ಅಂದ. ಅಕ್ಷತೆ ಹಿಡಿದು ತೊಗರ್ಸಿವರೆಗೂ ನೆಂಟರ ಮನೆಮನೆಗೆ ಹೋಗಿ ಷೇರಿಗೆ ಕರೆದೆ. ತಮಾಷೆಗೆಂದು ಹೆಂಡತಿಗೂ ಕುಂಕುಮ ಕೊಟ್ಟು ಕರೆದರೆ, ಅವಳು ತಮಾಷೆ ಮಾಡದೆ ಎರಡು ತಗೊಂಡಳು. ನನ್ನ ಪಂಕ್ತಿ ಬರುವಷ್ಟರಲ್ಲಿ ಹತ್ತೂ ಷೇರು ಹೋಗಿ ಪಾತ್ರೆ ಖಾಲಿ.

ಮುಂದಿನ ಸಭೆಯಲ್ಲೇ ಭಾವ ಎದ್ದ. "ಟಗರು ನಮ್ಮಲ್ಲಿಗೆ ಬರ್ಲಿ ಮಾರಾಯ್ರೆ. ಇವರ ಅಂಗಳದಲ್ಲಿ ಇವರನ್ನ ಬಿಟ್ಟು ಯಾರು ಹತ್ರ ಹೋದ್ರೂ ಗುಮ್ತದೆ."

"ಆಗಲ್ಲ! ಹೆಚ್ಚು ಷೇರು ನಂದು."

"ಇತ್ತು ರೀ," ಎಂದರು ಆಡಿಟರ್. "ನಿಮ್ಮ ಆರು ಆರೇ ಅದಾವೆ. ಆಗ ಹತ್ತರಾಗೆ ಆರು, ಈಗ ಇಪ್ಪತ್ತರಾಗೆ ಆರು."

ಎಲಾ ಇವನ! ಒಂದು ಷೇರನ್ನೂ ಯಾರೂ ಕದ್ದಿಲ್ಲ, ಹಗ್ಗ ಮಾತ್ರ ಕೈಜಾರಿದೆ. ನನ್ನ ತಲೆ ಮೇಲೆ ನಾನೇ ಚಪ್ಪಡಿ ಎಳೆದುಕೊಂಡಿದ್ದೆ. ನೆಂಟರು ಕೈ ಎತ್ತಿದರು. ಷೇರು ಎಣಿಸಿದರೆ ಎರಡೂ ಕಡೆ ಸಮಸಮ. ಉಳಿದವಳು ನನ್ನ ಹೆಂಡತಿ. ಗೆದ್ದೆ ಅಂದುಕೊಂಡೆ. ಅವಳು ಅಣ್ಣನ ಕಡೆಗೆ ಕೈ ಎತ್ತಿದಳು.

"ಏನೇ ಇದು?"

"ಮತ್ತೇನ್ರೀ? ದಿನಾ ಸಂಜೆ ಅದ್ರ ಹತ್ರ ಕೂತು ಊರ ಸುದ್ದಿಯೆಲ್ಲ ಹೇಳ್ತೀರಿ. ನಾನು ಕೇಳಿದ್ರೆ ಹ್ಞೂಂ ಅಂತೀರಿ."

ಸಭೆಗೆ ಸಭೆಯೇ ನಕ್ಕಿತು. ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು.

ಟಗರನ್ನು ಗೂಡ್ಸ್ ಆಟೋದಲ್ಲಿ ಸೊರಬದ ಕಡೆಯ ಗುಡವಿಗೆ ನಾನೇ ಒಯ್ದೆ. ಬೇರೆಯವರು ಹಿಡಿದರೆ ಅದು ಹತ್ತಬೇಕಲ್ಲ. ಭಾವನ ಅಂಗಳದಲ್ಲೇ ಎದ್ದ ಕಂಪನಿಯ ಹೊಸ ಕೊಟ್ಟಿಗೆಗೆ ಅವತ್ತು ಪೂಜೆ, ಊಟ. ಎಲೆ ಹಾಕುವ ಮುಂಚೆಯೇ ಹೋಗಿ ಮೊದಲನೇ ಪಂಕ್ತಿಯಲ್ಲಿ ಕೂತುಬಿಟ್ಟೆ. ಯಾರು ಏನಾದರೂ ಅಂದುಕೊಳ್ಳಲಿ! ಪಾಯಸ ಬಂತು. ಹೊರಗೆ ಟಗರು ಕೂಗತೊಡಗಿತು. ಎತ್ತಿದ ಕೈಯನ್ನು ಎಲೆಗೇ ಇಳಿಸಿ ಬಾಗಿಲ ಕಡೆ ನೋಡಿದೆ.

ಬಡಿಸುತ್ತಿದ್ದ ನನ್ನ ಹೆಂಡತಿ ಬಗ್ಗಿ, "ಹೋಗ್ರಿ, ಒಂದ್ಸಲ ಮಾತಾಡ್ಸಿ ಬರ್ರಿ," ಎಂದಳು.

ಪಂಕ್ತಿಯ ಮಧ್ಯೆ ಎಲೆ ಬಿಟ್ಟು ಏಳಬಾರದು. ಎದ್ದೆ.