ರಾಣಿಯ ಗಲ್ಲದ ಚಂದ್ರ

ಸರಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು ನಾನು. ಕೊಟ್ಟದ್ದನ್ನು ಬರೆದಿಡುವುದು, ಮರಳಿ ಬಂದದ್ದನ್ನು ತಾಳೆ ನೋಡುವುದು ನಿವೃತ್ತಿಯ ಮೇಲೂ ತಪ್ಪಿಲ್ಲ. ಕಳೆದ ದೀಪಾವಳಿಗೆ ಎಂಟು ದಿನ ಮೊದಲು ಕುಂದಗೋಳದ ಅಕ್ಕಸಾಲಿಗ ಪತ್ತಾರರಿಗೆ ತೊಳೆಯಲು ಕೊಟ್ಟ ಬೆಳ್ಳಿಯನ್ನೂ ಬರೆದುಕೊಂಡಿದ್ದೆ: ದೀಪ ಎರಡು, ಭರಣಿ ಒಂದು, ರಾಣಿಯ ಮುಖದ ಹಳೆಯ ರೂಪಾಯಿ ಒಂದು.

ಆ ರೂಪಾಯಿಯೇ ನಮ್ಮ ಮನೆಯ ಲಕ್ಷ್ಮಿ. ಅತ್ತೆಯವರು ಇರುವವರೆಗೆ ಅದಕ್ಕೆ ನೀರು ಮುಟ್ಟಿಸಲು ಬಿಡಲಿಲ್ಲ. "ತಿಕ್ಕಿದ್ರ ಲಕ್ಷ್ಮಿ ಸವೀತಾಳ" ಎನ್ನುತ್ತಿದ್ದರು. ಪ್ರತಿವರ್ಷ ಪೂಜೆಯ ದಿನ ತುಪ್ಪದಲ್ಲಿ ಕಲಸಿದ ಅರಿಸಿನ ಕುಂಕುಮವನ್ನು ಹಳೆಯದರ ಮೇಲೆಯೇ ಹಚ್ಚಿ ದೇವರ ಜಗಲಿಯ ಮೇಲಿಡುವುದು ರೂಢಿ. ಅವರು ತೀರಿಕೊಂಡ ಮೇಲೆ ನನ್ನ ಸ್ವಚ್ಛತೆಯ ಚಟ ಗೆದ್ದಿತು.

ರೂಪಾಯಿ ಫಳಫಳಿಸುತ್ತ ಮರಳಿತು. ಭೂತಗನ್ನಡಿ ಹಿಡಿದು ನೋಡಿದರೆ ರಾಣಿಯ ಗಲ್ಲದ ಮೇಲೆ ಒಂದು ಅರ್ಧಚಂದ್ರ, ಕೊರಳ ಬಳಿ ಹೂವಿನಂತೆ ಐದು ಚುಕ್ಕೆ. ಅಚ್ಚಿನಲ್ಲಿ ಬಂದವಲ್ಲ, ಆಮೇಲೆ ಯಾರೋ ತಗ್ಗು ಬೀಳುವಂತೆ ಹೊಡೆದವು. ನಮ್ಮ ರಾಣಿಗೆ ಇವು ಇರಲಿಲ್ಲ. ಪತ್ತಾರರು ಎರಡು ಸಲ "ನಾಳೆ ಬರ್ರಿ" ಎಂದದ್ದು ನೆನಪಾಯಿತು. ಮರಳಿ ಕೊಡುವಾಗ ಅವರು ರೂಪಾಯಿಯನ್ನು ಮತ್ತೊಮ್ಮೆ ತಿರುವಿ ನೋಡಿದ್ದೂ ನೆನಪಾಯಿತು. ಉಗುರು ಉಜ್ಜುವ ಅರದಿಂದ ಅಂಚನ್ನು ತಿಕ್ಕಿದೆ. ತಾಮ್ರ ಕಾಣಲಿಲ್ಲ. ಹಾಗಾದರೆ ಬೆಳ್ಳಿ ಹೌದು, ಆದರೆ ಬೇರೆಯವರದು ಎಂದುಕೊಂಡೆ. ಯರಗುಪ್ಪಿಯ ನಾದಿನಿ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ರಿಪೇರಿಗೆ ಅದೇ ಪತ್ತಾರರಿಗೆ ಕೊಡುವವಳಿದ್ದಳು. ಫೋನ್ ಮಾಡಿ, ಕೊಡಬೇಡ, ಅಲ್ಲಿ ಅದಲುಬದಲು ನಡೆದಿದೆ ಎಂದುಬಿಟ್ಟೆ.

ಮರುದಿನ ಅಂಗಡಿ ತೆರೆಯುವ ಹೊತ್ತಿಗೇ ಹೋದೆ.

"ಕಾಕಾ, ಇದು ನಮ್ಮ ರೂಪಾಯಿ ಅಲ್ಲರಿ."

ಮುದುಕರು ರೂಪಾಯಿಯನ್ನಲ್ಲ, ನನ್ನನ್ನು ನೋಡಿದರು. "ಮತ್ಯಾರದ್ರಿ ಬಾಯಾರ?"

ಗುರುತು ತೋರಿಸಿದೆ. ಹಿಂದೆ ಇಂಥ ರೂಪಾಯಿ ಖೋಟಾ ಇರಬಹುದೆಂಬ ಸಂಶಯ ಬಂದರೆ ಶರಾಫರು, ಅಂದರೆ ಚಿನಿವಾರರು, ಪರೀಕ್ಷೆ ಮಾಡಿ, ಬೆಳ್ಳಿ ಖರೆ ಇದ್ದರೆ ತಮ್ಮ ಗುರುತು ಹೊಡೆದು ಬಿಡುತ್ತಿದ್ದರು ಎಂದು ವಿವರಿಸಿದರು. ಮೊದಲೇ ಸಿದ್ಧಮಾಡಿಟ್ಟ ಮಾತಿನಂತೆ ಕೇಳಿಸಿತು. ಇವು ಮೊದಲಿನಿಂದಲೂ ಇದ್ದವು ಎನ್ನುವುದಕ್ಕೆ ಸಾಕ್ಷಿ ಏನು ಎಂದೆ.

ಅವರು ಒಂದು ಡಬ್ಬಿ ತೆಗೆದರು. ತೊಳೆದಾಗ, ಗುಡಿಸಿದಾಗ ಬಿದ್ದದ್ದನ್ನು ಪತ್ತಾರರು ಚೆಲ್ಲುವುದಿಲ್ಲ, ಅದರಲ್ಲಿ ಬೆಳ್ಳಿಯ ಕಣ ಇರುತ್ತದೆ. 'ನರ್ಸಬಾಯಾರ ಮನಿದು' ಎಂದು ಬರೆದ ಪೊಟ್ಟಣದಲ್ಲಿ ಒಂದು ಕಂದು ಚೂರಿತ್ತು. ನಮ್ಮ ಕುಂಕುಮದ ಪದರ, ಒಣಗಿದ ಗಾಯದ ಹಕ್ಕಳೆಯಂತೆ ಇಡಿಯಾಗಿ ಎದ್ದು ಬಂದಿತ್ತು. ಚಿಮಟಿಯಿಂದ ಮಗುಚಿದರು. ಒಳಮೈ ಮೇಲೆ ಉಬ್ಬಿದ ಅರ್ಧಚಂದ್ರ, ಉಬ್ಬಿದ ಐದು ಚುಕ್ಕೆ. ರೂಪಾಯಿಯ ಮೇಲಿಟ್ಟರೆ ಸರಿಯಾಗಿ ಕೂತಿತು. ನಲವತ್ತು ವರ್ಷ ಪೂಜಿಸಿದ ಮುಖದ ಗಲ್ಲವನ್ನೇ ನಾನು ಕಂಡಿರಲಿಲ್ಲ.

ಆಮೇಲೆ ಅವರು ಅಂಚಿಗೆ ಕಣ್ಣು ಹಚ್ಚಿದರು.

"ಇದೊಂದು ಗೀರು ಮಾತ್ರ ಹೊಸಾದೈತ್ರಿ. ಇದು ನಂದಲ್ಲ."

"ನಂದರಿ."

"ಹಂಗಾರ ಬಾಯಾರೂ ಶರಾಫರ ಸಾಲಿನ್ಯಾಗ ಕುಂತ್ರಿ." ತಿಕ್ಕಿ ಅಳಿಸಲೇ ಎಂದು ಕೇಳಿದರು. ಬೇಡ ಎಂದೆ.

ಅಲ್ಲಿಯೇ ನಿಂತು ನಾದಿನಿಗೆ ಫೋನ್ ಮಾಡಿದೆ. "ಅಯ್ಯ ವೈನಿ, ನಾ ಆಗಲೇ ಮಹಿಳಾ ಸಂಘದಾಗ ಎಲ್ಲಾರಿಗೂ ಹೇಳಿಬಿಟ್ಟೇನಿ" ಎಂದಳು. ಅವಳ ದನಿ ದೊಡ್ಡದು. ಪತ್ತಾರರು ತಲೆ ಎತ್ತದೆ ಕೆಲಸಕ್ಕೆ ಕೂತರು. ಆ ಚೂರನ್ನು ಒಂದು ದಿನದ ಮಟ್ಟಿಗೆ ಕೊಡಿ ಎಂದು ಕೇಳಿ, ಪಡೆದಿದ್ದೇನೆ ಎಂದು ಚೀಟಿ ಬರೆದುಕೊಟ್ಟೆ. ಓದದೆ ಕಿಸೆಯಲ್ಲಿಟ್ಟುಕೊಂಡರು.

ಮಧ್ಯಾಹ್ನದ ಬಸ್ಸಿಗೆ ಯರಗುಪ್ಪಿಗೆ ಹೋದೆ. ಸಂಘದ ಹೆಂಗಸರು ಚೂರನ್ನೂ ರೂಪಾಯಿಯನ್ನೂ ತಿರುತಿರುವಿ ನೋಡಿದರು. ತಪ್ಪು ನನ್ನದೆಂದು ಎರಡು ಸಲ ಹೇಳಿದೆ. ಒಬ್ಬಾಕೆ ಮಾತ್ರ, "ಆ ಹಕ್ಕಳೀನೂ ಪತ್ತಾರನೇ ಮಾಡಿ ಕೊಟ್ಟಿರಬೇಕು ತಗೀರಿ" ಎಂದಳು. ಅವಳಿಗೆ ಆ ಸಂಶಯ ಕೊಟ್ಟವಳು ನಾನೇ, ಮರಳಿ ತೆಗೆದುಕೊಳ್ಳುವ ದಾರಿ ಗೊತ್ತಾಗಲಿಲ್ಲ.

ನಾದಿನಿ ಒಳಗೆ ಹೋಗಿ ಕರಡಿಗೆ ತಂದು, ಎಲ್ಲರೆದುರು ನನ್ನ ಕೈಗಿಟ್ಟಳು. "ಪತ್ತಾರರಿಗೆ ನೀವ ಒಯ್ದು ಕೊಡ್ರಿ ವೈನಿ."

ಬಸ್ಸಿನಲ್ಲಿ ಡೈರಿ ತೆಗೆದು 'ಕರಡಿಗೆ ಒಂದು' ಎಂದು ಬರೆದೆ. ಅದರ ಮೇಲಿನ ಗೀರುಗಳನ್ನು ಎಣಿಸಲು ಹೋಗಲಿಲ್ಲ.