ಅವರೆ ಬಳ್ಳಿಗೆ ಊರಿದ ಕೋಲು

ನಮ್ಮ ಯಜಮಾನರು ಸಂಗನಬಸಪ್ಪ ಡೆಟ್ರಾಯಿಟ್‌ನ ಕಾರು ಕಂಪನಿಯೊಂದರಲ್ಲಿ ಇಂಜಿನಿಯರು. ಕೊರಳಲ್ಲಿ ಲಿಂಗ, ಮನೆಯೊಳಗೆ ಮೊಟ್ಟೆ ಸಹ ಬಂದಿಲ್ಲ. ಅಂಥ ಮನುಷ್ಯ ಮೀನು ಹಿಡಿಯಲು ಹೊರಟರೆ ನನಗೆ ಹೇಗಾಗಬೇಡ!

ಈ ಹುಚ್ಚು ಹಚ್ಚಿದವನು ಅವರ ಆಫೀಸಿನ ವಾಲ್ಟರ್. ಗಾಳಕ್ಕೆ ಪುಕ್ಕ, ರೇಷ್ಮೆದಾರ ಸುತ್ತಿ ನೊಣದಂತೆ ಮಾಡಿ ನೀರಿನ ಮೇಲೆ ತೇಲಿಬಿಡಬೇಕಂತೆ. ನಮ್ಮವರು ನನ್ನ ಇಳಕಲ್ ಸೀರೆಯ ಸೆರಗಿನ ದಾರವನ್ನೂ ಬಿಡಲಿಲ್ಲ. ಉತ್ತರದ ಒಂದು ನದಿಯಲ್ಲಿ ಆಗಷ್ಟೇ ಹೊಸ ನಿಯಮ ಬಂದಿತ್ತು: ಹಿಡಿದ ಟ್ರೌಟ್ ಮೀನನ್ನು ವಾಪಸ್ ನೀರಿಗೆ ಬಿಡಬೇಕು.

“ತಿನ್ನೂದಿಲ್ಲ, ಕೊಲ್ಲೂದಿಲ್ಲ, ಮತ್ಯಾಕ ಹಿಡೀತೀರಿ?” ಎಂದೆ.

“ಹಿಡದು ಬಿಡೂದ ಈಗಿನ ಪದ್ಧತಿ. ಒಂದೂ ಸಾಯೂದಿಲ್ಲ, ನಿನ್ನಾಣಿ.”

“ಒಂದು ಸತ್ತರೂ ಆ ಗಾಳದ ಕೋಲು ಮನ್ಯಾಗ ಇರಬಾರದು ನೋಡ್ರಿ.”

ಹೂಂ ಎಂದರು.

ಎಪ್ಪತ್ತೈದನೇ ಇಸವಿಯಲ್ಲಿ, ಹೊಸದಾಗಿ ಬಂದಿದ್ದ ಗ್ರಾಫೈಟ್ ಕೋಲು ತಂದರು. ಮೀನು ಹಿಡಿಯುವವರ ಬಾಯಲ್ಲೆಲ್ಲ ಆಗ ಅದೇ ಮಾತು. ಹಳೆಯ ಫೈಬರ್‌ಗ್ಲಾಸ್ ಕೋಲಿಗಿಂತ ಹಗುರ, ಕೂದಲಿನಂಥ ದಾರದಲ್ಲೂ ದೊಡ್ಡ ಮೀನನ್ನು ಅದು ದಣಿಯುವವರೆಗೆ ಆಡಿಸಬಹುದು. ಸಾಯುವುದಿಲ್ಲವೆಂಬ ಮಾತು ನಿಜವೋ ಸುಳ್ಳೋ ನೋಡಿಯೇ ಬಿಡೋಣವೆಂದು ನಾನೂ ಕಾರು ಹತ್ತಿದೆ.

ಮೊಳದುದ್ದದ ಮೀನು ಸಿಕ್ಕಿತು. ದಾರ ಬಿಡುವುದು, ಎಳೆಯುವುದು, ಮತ್ತೆ ಬಿಡುವುದು; ಕೋಲಿನ ತುದಿ ಬಿಲ್ಲಿನಂತೆ ಬಾಗುತ್ತಿತ್ತು. ಅವರ ಮುಖದಲ್ಲಿ ಅಂಥ ನಗೆಯನ್ನು ನಾನು ಈ ದೇಶಕ್ಕೆ ಬಂದಮೇಲೆ ಕಂಡಿರಲಿಲ್ಲ.

“ಸಾಕು ಬಿಡ್ರಿ, ದಣದೈತಿ ಅದು!” ದಂಡೆಯಿಂದ ಕೂಗಿದೆ.

“ತಡಿ, ಇನ್ನೊಂದು ಸುತ್ತು!”

ಕೊನೆಗೆ ಗಾಳ ಬಿಡಿಸಿ ನೀರಿಗೆ ಬಿಟ್ಟರೆ ಮೀನು ಹೊಟ್ಟೆ ಮೇಲಾಗಿ ಮಗುಚಿತು. ಹರಿವಿಗೆ ಎದುರಾಗಿ ಹಿಡಿದು ಹಿಂದೆ ಮುಂದೆ ಆಡಿಸಿದರು. ಎಷ್ಟು ಹೊತ್ತಾದರೂ ಕಿವಿರು ಅಲುಗಲಿಲ್ಲ.

“ಗಾಯ ಸುದ್ದಾ ಆಗಿಲ್ಲ,” ಎಂದರು. “ಆಡಿಸಿ ಆಡಿಸಿ ಕೊಂದೆ.”

ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ಅತ್ತೇಬಿಟ್ಟರು. ಬಯ್ಯಬೇಕೆಂದಿದ್ದವಳು ನೀರಿಗಿಳಿದು ಅವರ ರಟ್ಟೆ ಹಿಡಿದು ದಂಡೆಗೆ ಕರೆತಂದೆ.

ಡೆಟ್ರಾಯಿಟ್ ಪಕ್ಕದ ನಮ್ಮ ಊರು ನೋವೈಗೆ ವಾಪಸ್ ಬಂದೆವು. ಮನೆ ಮುಂದೆ ಇಳಿದಾಗ ನಾನೇ ಸೋತೆ. “ಇರಲಿ ಬಿಡ್ರಿ, ಆಸಿಪಟ್ಟು ತಂದೀರಿ, ಒಳಗಿಡ್ರಿ,” ಎಂದೆ. ಕೇಳಲಿಲ್ಲ. ನೇರ ಹಿತ್ತಲಿಗೆ ಹೋಗಿ ಆ ಕೋಲನ್ನು ನನ್ನ ಅವರೆ ಬಳ್ಳಿಯ ಬುಡದಲ್ಲಿ ಊರಿದರು.

ಬಳ್ಳಿ ಸರಸರ ಹಬ್ಬಿತು. ಕಾಯಿ ಬಲಿತಂತೆಲ್ಲ ಕೋಲಿನ ತುದಿ ಅಂದು ನದಿಯಲ್ಲಿ ಬಾಗಿದಂತೆಯೇ ಬಾಗತೊಡಗಿತು. ಅಡುಗೆಮನೆಯ ಕಿಟಕಿಯಿಂದ ಅದು ಕಂಡರೆ ಸಾಕು, ನಮ್ಮವರು ಕೈಯಲ್ಲಿದ್ದ ಚಹಾ ಅಲ್ಲೇ ಇಟ್ಟು ಹೋಗಿ, ಬಲಿಯದ ಕಾಯಿಯನ್ನೂ ಕಿತ್ತು ಭಾರ ಇಳಿಸಿ ಬರುತ್ತಿದ್ದರು.