ಜವರಮ್ಮನ ಗುರುವಾರದ ಕಾರು

ಜವರಮ್ಮ ಆಂಟಿ ನ್ಯೂಜರ್ಸಿಯ ಡ್ರೈವಿಂಗ್ ಟೆಸ್ಟಿನಲ್ಲಿ ನಾಲ್ಕು ಸಲ ಫೇಲಾದರು. ಮೊದಲ ಸಲ ಸ್ಟಾಪ್ ಸೈನಿನ ಹತ್ತಿರ ನಿಲ್ಲಿಸಲಿಲ್ಲ. ಎರಡನೇ ಸಲ ನಿಲ್ಲಿಸಿದವರು ಹೊರಡಲೇ ಇಲ್ಲ. ಮೂರನೇ ಸಲ ಪಾರ್ಕಿಂಗ್ ಮಾಡುವಾಗ ಕಿತ್ತಳೆ ಬಣ್ಣದ ಕೋನ್ ಒಂದನ್ನು ಮಲಗಿಸಿದರು. ನಾಲ್ಕನೇ ಸಲ ಎರಡನ್ನು ಮಲಗಿಸಿ, ಪಕ್ಕದಲ್ಲಿ ಕೂತಿದ್ದ ಪರೀಕ್ಷಕನಿಗೇ "ಅದ್ಯಾಕಪ್ಪ ದಾರಿಗ್ ಅಡ್ಡ ಮಡಗಿದ್ದೀಯ" ಎಂದು ಕನ್ನಡದಲ್ಲಿ ಗದರಿದರು. ಐದನೇ ಸಲ ಪಾಸಾದಾಗ ಅವರಿಗೆ ಅರವತ್ತೊಂದು. "ಎಲ್ಲಿಗ್ ಬೇಕಾದ್ರೂ ನಾನೇ ಕರ್ಕೊಂಡು ಹೋಗ್ತೀನಲ್ಲಮ್ಮ" ಎಂದು ಮಗ ನವನೀತ್ ಎಷ್ಟು ಗೋಗರೆದರೂ ಕೇಳಲಿಲ್ಲ. ಏನೋ ಹಠ ಹಿಡಿದಿದ್ದಾರೆ ಎಂದುಕೊಂಡು ನಾವೆಲ್ಲ ಸುಮ್ಮನಾಗಿದ್ದೆವು.

ನಾನು ಸೌಜನ್ಯಾ. ಓಲ್ಡ್ ಬ್ರಿಡ್ಜಿನಲ್ಲಿ ಅವರ ಮನೆಯಿಂದ ಮೂರನೆಯದು ನನ್ನದು. ವಾರಕ್ಕೆ ಮೂರು ದಿನ ಜರ್ಸಿ ಸಿಟಿಗೆ ಹೋಗಿ ಒಂದು ವಿಮಾ ಕಂಪನಿಯ ಓಬೀರಾಯನ ಕಾಲದ ಸಾಫ್ಟ್‌ವೇರಿಗೆ ತೇಪೆ ಹಾಕಿ ಬರುತ್ತೇನೆ. ಜವರಮ್ಮ ಆಂಟಿ ಮಳವಳ್ಳಿ ಕಡೆಯವರು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮೂವತ್ತೆರಡು ವರ್ಷ ನರ್ಸಮ್ಮ ಆಗಿದ್ದವರು. ಸೀರೆ, ಅದರ ಮೇಲೆ ಮಗನ ಹಳೇ ಜಾಕೆಟ್, ಕಾಲಿಗೆ ಬಿಳಿ ಸ್ನೀಕರ್ಸ್, ಸೊಂಟಕ್ಕೆ ಸಿಕ್ಕಿಸಿದ ಕಾರಿನ ಕೀ. ಈ ವೇಷದಲ್ಲಿ ಅವರು ಪ್ರತಿ ಗುರುವಾರ ಬೆಳಿಗ್ಗೆ ಏಳಕ್ಕೆ ಮನೆ ಬಿಡುತ್ತಿದ್ದರು. ಆಂಟಿ ಗುಟ್ಟಾಗಿ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಾರೆ ಎಂದು ನಮ್ಮ ಬೀದಿಯ ಹೆಂಗಸರು ತೀರ್ಮಾನಿಸಿಬಿಟ್ಟಿದ್ದರು. ನನಗೆ ತಡೆಯಲಾಗದೆ ನೇರವಾಗಿಯೇ ಕೇಳಿದೆ.

"ಟೆಕ್ಸಾಸ್ ಕಡೆಯಿಂದ ಹೆಣ್ಮಕ್ಳು ಬತ್ತಾರೆ ಕಣವ್ವ," ಎಂದರು. "ಅಲ್ಲಿ ಅಬಾರ್ಷನ್ ಮಾಡಂಗಿಲ್ಲ, ಇಲ್ಲಿ ಮಾಡ್ತಾರೆ. ಏರ್‌ಪೋರ್ಟಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಏರ್‌ಪೋರ್ಟು. ಅದುಕ್ಕೆ ಒಂದು ಗುಂಪೈತೆ."

"ನಮ್ಮ ಜನಕ್ಕೆ ಗೊತ್ತಾದ್ರೆ, ಆಂಟಿ?"

"ಗೊತ್ತಾಗ್ಲಿ ಬುಡು. ಅವರೂ ಒಂದು ಗುರುವಾರ ಬರ್ಲಿ."

ಆಮೇಲೆ ತಿಂಗಳಿಗೊಂದು ಗುರುವಾರ ನಾನೂ ಮನೆಯಿಂದಲೇ ಕೆಲಸ ಎಂದು ಆಫೀಸಿಗೆ ಹೇಳಿ ಅವರ ಪಕ್ಕ ಕೂರತೊಡಗಿದೆ.

ಹೀಗಿರುವಾಗ ಚುನಾವಣೆ ಬಂತು. ರಾಜ್ಯದ ಅಸೆಂಬ್ಲಿಗೆ ನಮ್ಮ ವಿಕ್ರಾಂತ್ ನಿಂತಿದ್ದ. ಮೈಸೂರಿನ ಡಾಕ್ಟರ್ ದಂಪತಿಗಳ ಮಗ, ಇಲ್ಲೇ ಹುಟ್ಟಿ ಬೆಳೆದವನು. ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ನಮ್ಮ ಹಬ್ಬಗಳಿಗೆ ಮುಖ ತೋರಿಸದಿದ್ದವನು ಆ ನವರಾತ್ರಿಯಲ್ಲಿ ಏಳು ಮನೆಯ ಗೊಂಬೆ ನೋಡಿದ. ನಮ್ಮದು ಐದನೆಯದು. ರೇಷ್ಮೆ ಜುಬ್ಬಾ ತೊಟ್ಟು ಬಂದು, ಪಟ್ಟದ ಗೊಂಬೆಗಳಿಗೆ ಕೈ ಮುಗಿದು, ಕಡಲೆಕಾಳಿನ ಉಸಲಿಯನ್ನು ಚಮಚೆಯಲ್ಲಿ ತಿಂದು, ಬಾಯಿಪಾಠ ಮಾಡಿಕೊಂಡಿದ್ದ ಎರಡು ಕನ್ನಡ ವಾಕ್ಯ ಒಪ್ಪಿಸಿದ. ಆಮೇಲೆ ಇಂಗ್ಲಿಷಿಗೆ ಹೊರಳಿದ. ಹೆಣ್ಣುಮಕ್ಕಳ ದೇಹ ಹೆಣ್ಣುಮಕ್ಕಳದ್ದು, ಗರ್ಭಪಾತದ ಹಕ್ಕಿಗಾಗಿ ಕೊನೆಯುಸಿರಿನವರೆಗೂ ಅವರ ಜೊತೆ ನಿಲ್ಲುತ್ತೇನೆ ಎಂದ. ಅರಿಸಿನ ಕುಂಕುಮಕ್ಕೆ ಬಂದಿದ್ದ ಇಪ್ಪತ್ತು ಹೆಂಗಸರು ತಾಂಬೂಲದ ಚೀಲ ಕೆಳಗಿಟ್ಟು ಚಪ್ಪಾಳೆ ತಟ್ಟಿದರು.

ಜವರಮ್ಮ ಆಂಟಿ ತಟ್ಟಲಿಲ್ಲ. "ನಿಂತ್ಕೊಂಡು ಏನ್ ಮಾಡೀಯಪ್ಪ," ಎಂದರು. "ಈ ರಾಜ್ಯದಲ್ಲಿ ಕಾನೂನು ಆಗ್ಲೇ ಐತಲ್ಲ. ಬರೋ ಗುರುವಾರ ಬೆಳಿಗ್ಗೆ ಎಂಟು ಗಂಟೆ ಟೆಕ್ಸಾಸ್ ವಿಮಾನದಲ್ಲಿ ನ್ಯೂವಾರ್ಕ್ ಏರ್‌ಪೋರ್ಟಿಗೆ ಒಬ್ಬಳು ಬತ್ತಾಳೆ. ಹತ್ತಕ್ಕೆ ಕ್ಲಿನಿಕ್ಕಲ್ಲಿರ್ಬೇಕು. ಅವತ್ತು ತಪ್ಪಿದ್ರೆ ಇನ್ನೆರಡು ವಾರ ಡೇಟಿಲ್ಲ, ಅವಳಿಗೆ ಇನ್ನೊಂದಿನ ರಜಾನೂ ಇಲ್ಲ. ಗಾಡಿ ತಕ್ಕೊಂಡು ಬಾ."

ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಇಪ್ಪತ್ತು ಹೆಂಗಸರು ಅವನ ಮುಖವನ್ನೇ ನೋಡುತ್ತಿದ್ದರು. "ಖಂಡಿತ ಬರ್ತೀನಿ, ಆಂಟಿ," ಎಂದ, ಬಾಯಿಪಾಠದ ಹೊರಗಿನ ಮೂರನೇ ವಾಕ್ಯ.

ಅವನು ಹೋದ ಮೇಲೆ ಅಡುಗೆಮನೆಗೆ ಕರೆದು ಕೇಳಿದೆ. "ಏನ್ ಆಂಟಿ ಇದು? ಬರೋರ ವಿಷಯ ಹೊರಗೆ ಹೇಳಬಾರದು ಅಂತ ಗುಂಪಿನ ನಿಯಮ ಇಲ್ವಾ?"

"ಅವನೆಲ್ಲಿ ಬಂದಾನು ಬುಡು. ವೋಟು ಕೇಳೋರು ಹೇಳಿದ ಹೊತ್ತಿಗೆ ಬಂದಿದ್ದು ನಾನ್ ಕಂಡಿಲ್ಲ. ಅವನ ಬಾಯಿ ಮುಚ್ಸಾನ ಅಂತ ಅಂದೆ ಅಷ್ಟೆ. ಓಗೋದು ನಾವೇ."

ಗುರುವಾರ ನಾವೇ ಹೋದೆವು. ಆಂಟಿಯ ಹಳೇ ಕ್ಯಾಮ್ರಿ, ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ನೀರಿನ ಬಾಟಲಿ ಮತ್ತು ಒಂದು ಹೊದಿಕೆ. ಬೂದು ಸ್ವೆಟರ್ ಹಾಕಿಕೊಂಡಿದ್ದೇನೆ, ನಾಲ್ಕನೇ ಬಾಗಿಲಿಗೆ ಬರುತ್ತಿದ್ದೇನೆ ಎಂದು ಆ ಹುಡುಗಿಯ ಮೆಸೇಜ್ ಬಂತು. ನಾಲ್ಕನೇ ಬಾಗಿಲ ಎದುರು ನೋಡಿದರೆ, ಮೈತುಂಬ ವಿಕ್ರಾಂತನ ಫೋಟೋ ಅಂಟಿಸಿಕೊಂಡ ಕರಿ ಎಸ್‌ಯುವಿ ನಿಂತಿದೆ. ಅದರ ಮುಂದೆ ಸೂಟು ಹಾಕಿದ ಅವನೇ. ಅವನ ಕೈಯಲ್ಲಿ ಹೂಗುಚ್ಛ. ಎರಡು ಮಾರು ದೂರದಲ್ಲಿ ದೊಡ್ಡ ಕ್ಯಾಮೆರಾ ಹಿಡಿದ ಅವನ ಕಚೇರಿಯ ಹೆಂಗಸು. ಅಬಾರ್ಷನ್ನಿಗೆ ಬಂದವಳಿಗೆ ಹೂಗುಚ್ಛ ಕೊಡಬೇಕೆಂದು ಹೊಳೆದ ಆ ತಲೆಗೆ ಏನು ಹೇಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

"ಬಂದವ್ನೆ ಕಣವ್ವ," ಎಂದರು ಆಂಟಿ. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆದು ಬೂದು ಸ್ವೆಟರ್ ಹೊರಗೆ ಬಂತು. ಇಪ್ಪತ್ತೋ ಇಪ್ಪತ್ತೆರಡೋ ಇರಬೇಕು. ಕ್ಯಾಮೆರಾ ಕಂಡದ್ದೇ ಹಿಂದೆ ತಿರುಗಿ ಓಡಿತು. ಆಂಟಿ ನಡುರಸ್ತೆಯಲ್ಲೇ ಕಾರು ನಿಲ್ಲಿಸಿ ಇಳಿದರು. ವಿಕ್ರಾಂತ್ ಏನೋ ಕೇಳುತ್ತಿದ್ದ. ಅವನತ್ತ ನೋಡದೆ, ಕ್ಯಾಮೆರಾದ ಮೇಲೆ ಅಂಗೈ ಇಟ್ಟು ಪಕ್ಕಕ್ಕೆ ನೂಕಿ ಒಳಗೆ ಹೋದರು.

ಪೊಲೀಸಿನವನು ಬಂದು ಗಾಡಿ ತೆಗೆ ಎಂದ. ನಾನು ಡ್ರೈವರ್ ಸೀಟಿಗೆ ಸರಿದು ಏರ್‌ಪೋರ್ಟನ್ನು ಪ್ರದಕ್ಷಿಣೆ ಹಾಕತೊಡಗಿದೆ. ಎಂಟೂವರೆ ಆಯಿತು. ಎಂಟೂ ಮುಕ್ಕಾಲಾಯಿತು. ಆಂಟಿ ಫೋನ್ ಎತ್ತಲಿಲ್ಲ. ವಿಕ್ರಾಂತನನ್ನು ಬೈದೆ, ಆಂಟಿಯ ಬಾಯಿಯನ್ನು ಬೈದೆ, ಅವನನ್ನು ಮನೆಗೆ ಕರೆದು ಉಸಲಿ ತಿನ್ನಿಸಿದ ನನ್ನನ್ನೂ ಬೈದುಕೊಂಡೆ. ಒಂಬತ್ತು ದಾಟಿ ಐದು ನಿಮಿಷಕ್ಕೆ ಫೋನ್ ಬಂತು, ಮೇಲಿನ ಅಂತಸ್ತಿನ ಬಾಗಿಲಿಗೆ ಬಾ ಎಂದು. ಹೋದೆ. ನವನೀತನ ಜಾಕೆಟನ್ನು ತಲೆಯ ಮೇಲೆ ಹೊದ್ದ ಹುಡುಗಿ, ಅವಳ ಹೆಗಲು ಬಳಸಿಕೊಂಡು ಬರೀ ಸೀರೆಯಲ್ಲಿ ಚಳಿಗೆ ನಡುಗುತ್ತಿದ್ದ ಆಂಟಿ. ಇಬ್ಬರೂ ಹಿಂದೆ ಕೂತರು. ಕ್ಲಿನಿಕ್ಕಿನ ಬಾಗಿಲಿಗೆ ಮುಟ್ಟಿದಾಗ ಹತ್ತಕ್ಕೆ ಎಂಟು ನಿಮಿಷವಿತ್ತು.

ಸಂಜೆ ಅವಳನ್ನು ವಿಮಾನ ಹತ್ತಿಸಿ ಬಂದ ಮೇಲೆ ಆಂಟಿ ಗುಂಪಿನವರಿಗೆ ತಾವೇ ಫೋನ್ ಮಾಡಿ, ಬಾಯಿ ಬಿಟ್ಟಿದ್ದು ನಾನು, ನನ್ನದೇ ತಪ್ಪು ಎಂದರು. ಅವರು ನಾಲ್ಕು ಗುರುವಾರ ಬರಬೇಡಿ ಎಂದರು. ಆಂಟಿ ಆಯ್ತು ಎಂದರು.

ಎರಡು ವಾರಕ್ಕೆ ಊರಿನ ಎಲ್ಲರ ಮನೆಯ ಅಂಚೆಪೆಟ್ಟಿಗೆಗೆ ನುಣುಪು ಕಾಗದದ ಪ್ರಚಾರಪತ್ರ ಬಂತು. ಏರ್‌ಪೋರ್ಟಿನಲ್ಲಿ ಎಸ್‌ಯುವಿಯ ಬಾಗಿಲು ತೆರೆದು ಹಿಡಿದಿರುವ ವಿಕ್ರಾಂತ್, ಕೈಯಲ್ಲಿ ಅದೇ ಹೂಗುಚ್ಛ, ಹಿಂದೆ ಖಾಲಿ ಸೀಟು. ಅವಳಿಗೆ ಕಾರು ಬೇಕಿತ್ತು, ನಾನು ಅಲ್ಲಿದ್ದೆ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅದರ ಕೆಳಗೆ ಮೂವತ್ತು ಕೈಮುಗಿದ ಚಿತ್ರಗಳು, "ನಮ್ಮ ಹುಡುಗ" ಎಂಬ ಹೆಮ್ಮೆ ಬೇರೆ. ನನಗೆ ಮೈಯೆಲ್ಲ ಉರಿಯಿತು. ಆಂಟಿ ಆ ಕಾಗದದ ಮೇಲೆ ಬೆಳ್ಳುಳ್ಳಿ ಸುಲಿದರು.

ವೋಟಿನ ದಿನ ಮಂಗಳವಾರ ಅವರೇ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದರು. "ನಾನಂತೂ ಅವನಿಗೆ ಹಾಕಲ್ಲ," ಎಂದೆ.

"ಹಾಕು. ಆ ಕಡೆಯೋನು ಕ್ಲಿನಿಕ್ಕೇ ಮುಚ್ಚುಸ್ತೀನಿ ಅಂತಾವ್ನೆ. ಇವನು ಬರೀ ಸುಳ್ಳು ಹೇಳ್ತಾನೆ. ಸುಳ್ಳನಿಗೆ ವೋಟು ಹಾಕ್ಬೋದು ಕಣವ್ವ. ಅವನ ಗಾಡಿ ಕಾಯ್ಬಾರ್ದು."

ಶಾಲೆಯ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿದರೂ ಇಳಿಯಲಿಲ್ಲ. "ನಮ್ಮೂರಲ್ಲಿ ಒಂದು ಎಲೆಕ್ಷನ್ನಿಗೆ ಮುಂಚೆ ಆರೋಗ್ಯ ಕೇಂದ್ರಕ್ಕೆ ಜೀಪು ಕೊಟ್ರು," ಎಂದು ಶುರು ಮಾಡಿದರು. "ಹಾರ ಹಾಕಿ ಫೋಟೋ ತೆಗೆದ್ರು. ಗೆದ್ದಿದ್ದೇ ತಡ, ಜೀಪು ಎಮ್ಮೆಲ್ಲೆ ಮನೆ ಸೇರ್ತು. ಒಂದಿನ ಮಧ್ಯಾಹ್ನ ಚಿಕ್ಕತಾಯಿ ಅಂತ ಒಂದು ಹುಡುಗಿ ಬಂದ್ಳು. ಬೇಡದ ಬಸಿರು, ಯಾರೋ ಮುದುಕಿ ಕೈಲಿ ಕಡ್ಡಿ ಹಾಕಿಸ್ಕೊಂಡಿದ್ಳು. ರಕ್ತ ನಿಲ್ತಿಲ್ಲ. ಮೈಸೂರಿಗೆ ಸಾಗಿಸ್ಬೇಕು. ಎಮ್ಮೆಲ್ಲೆ ಮನೆಯೋರು ಜೀಪ್ ಕಳಿಸ್ತೀವಿ ಅಂದ್ರು. ಅವಳ ತಲೆ ನನ್ನ ತೊಡೆ ಮೇಲಿತ್ತು. ಜೀಪು ಬತ್ತದೆ ಮಗಾ, ಬತ್ತದೆ ಅಂತ ಮೂರು ಗಂಟೆ ಹೇಳ್ತಾ ಕೂತಿದ್ದೆ. ಆಸ್ಪತ್ರೇಲಿ ಮಾಡಿಸ್ಕೋಬೋದು ಅಂತ ಕಾನೂನು ಅವಾಗ್ಲೂ ಇತ್ತು. ಜೀಪಿರ್ಲಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಅವತ್ತು ಏರ್‌ಪೋರ್ಟಿನೊಳಗೆ ಆ ಹುಡುಗಿಗೆ ಏನು ಹೇಳಿದಿರಿ ಎಂದು ಕೇಳಿದೆ.

"ಬಾತ್‌ರೂಮಲ್ಲಿ ಬಾಗಿಲು ಹಾಕೊಂಡು ಅಳ್ತಿದ್ಳು. ಮನೆಗ್ ಓಯ್ತೀನಿ ಅಂದ್ಳು. ನಂಗೆಲ್ಲಿ ಬತ್ತದೆ ಅಷ್ಟು ಇಂಗ್ಲಿಷು. ಸಾರಿ ಅಂದೆ. ನರ್ಸು ಅಂದೆ. ಆಮೇಲೆ ನನ್ ಸೊಂಟದಲ್ಲಿದ್ದ ಕಾರಿನ ಇನ್ನೊಂದು ಕೀನ ಬಾಗಿಲ ಸಂದೀಲಿ ಅವಳ ಕಡೆ ತಳ್ದೆ. ಮೈ ಕಾರ್, ಔಟ್‌ಸೈಡ್, ಯು ಸೇ, ಐ ಗೋ ಅಂದೆ. ಕ್ಲಿನಿಕ್ಕಿಗಾದ್ರೂ ಸೈ, ವಾಪಸ್ ವಿಮಾನಕ್ಕಾದ್ರೂ ಸೈ. ಕೀ ತಕ್ಕೊಂಡ್ಳು. ನಾನು ಹೊರಗೇ ಸುಮಾರು ಹೊತ್ತು ಕಾದೆ. ಆಮೇಲೆ ಅವಳೇ ಬಾಗಿಲು ತೆಗುದ್ಳು."

ಇಬ್ಬರೂ ಇಳಿದು ಹೋಗಿ ವೋಟು ಹಾಕಿ ಬಂದೆವು. ವಿಕ್ರಾಂತ್ ಗೆದ್ದ. ಆಂಟಿಯ ನಾಲ್ಕು ವಾರದ ಶಿಕ್ಷೆ ಮುಗಿದ ಮೇಲಿನ ಬುಧವಾರ ನನಗೆ ಫೋನ್ ಬಂತು. "ನಾಳೆ ಒಬ್ಬಳು ಬತ್ತಾಳೆ," ಎಂದರು. "ಏಳಕ್ಕೆ ರೆಡಿಯಾಗಿರು. ಯಾರಿಗೂ ಹೇಳ್ಬ್ಯಾಡ."